ಪೊಲೀಸ್ ಜೀಪಿಗೆ ಯಾರೂ ಹಾರ್ನ್ ಹೊಡೆಯುವುದಿಲ್ಲ

ಬೇಕಾದರೆ ಗಮನಿಸಿ ನೋಡಿ. ನಮ್ಮ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಪೊಲೀಸ್ ಜೀಪು ಎಷ್ಟೇ ನಿಧಾನವಾಗಿ ಹೋಗುತ್ತಿರಲಿ, ಹಿಂದಿನವರು ಯಾರೂ ಹಾರ್ನ್ ಹೊಡೆಯುವುದಿಲ್ಲ. ಸರ್ಕಾರಿ ಬೋರ್ಡಿನ ಕಾರೊಂದು ರಸ್ತೆ ಮಧ್ಯೆಯೇ ನಿಂತು ಸಾಹೇಬರನ್ನು ಇಳಿಸುತ್ತಿದ್ದರೂ ಅಷ್ಟೇ. ಎಲ್ಲರಿಗೂ ಎಲ್ಲಿಂದಲೋ ತಾಳ್ಮೆ ಬಂದುಬಿಡುತ್ತದೆ. ಒಬ್ಬರು ಫೋನ್ ನೋಡುತ್ತಾರೆ, ಇನ್ನೊಬ್ಬರು ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಾರೆ. ಅದೇ ಜಾಗದಲ್ಲಿ ಸೊಪ್ಪಿನ ಗಾಡಿ ತಳ್ಳಿಕೊಂಡು ಬರುವ ಅಜ್ಜಿ ಅರ್ಧ ನಿಮಿಷ ಅಡ್ಡ ಆಗಲಿ, ಮುಗೀತು. ಹಿಂದೆ ನಾಲ್ಕು ಗಾಡಿ ಒಟ್ಟಿಗೆ ಅರಚುತ್ತವೆ.

ಹಾಗಾಗಿ ಹಾರ್ನ್ ಅನ್ನೋದು ಎಚ್ಚರಿಕೆ ಕೊಡುವ ಸಾಧನ ಅಂತ ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಎಚ್ಚರಿಕೆ ಆಗಿದ್ದರೆ ಜೀಪಿಗೂ ಕೊಡಬೇಕಿತ್ತಲ್ಲ? ನಮ್ಮೂರಿನಲ್ಲಿ ಹಾರ್ನ್ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಲಾರಿ ಕಾರಿಗೆ ಹೊಡೆಯುತ್ತದೆ. ಕಾರು ಆಟೋಗೆ. ಆಟೋ ಬೈಕಿಗೆ. ಬೈಕಿನವನು ಸೈಕಲ್ಲಿನವನಿಗೆ. ನಡೆದು ಹೋಗುವವರಿಗೆ ಎಲ್ಲರೂ. ನಡೆಯುವವರು ತಿರುಗಿಸಿ ಹೊಡೆಯಲು ಅವರ ಹತ್ತಿರ ಏನೂ ಇಲ್ಲ, ಬಾಯಿ ಬಿಟ್ಟು. ಈ ಲೆಕ್ಕಕ್ಕೆ ಸಿಗದ ಒಂದೇ ಜೀವ ದನ. ಚರ್ಚ್ ಸರ್ಕಲ್ಲಿನಲ್ಲಿ ದನ ಮಲಗಿದ್ದರೆ ಆಡಿ ಕಾರೂ ಸುತ್ತಿಕೊಂಡು ಹೋಗುತ್ತದೆ.

ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತೇನೆ. ಮನೆ ಎಸ್.ಎಸ್. ಪುರಂ ಕಡೆ, ಕಾಲೇಜು ಊರಿನ ಇನ್ನೊಂದು ತುದಿ. ಭದ್ರಮ್ಮ ಸರ್ಕಲ್, ಟೌನ್‌ಹಾಲ್ ದಾಟಿ ಶಿರಾಗೇಟ್ ಕಡೆ ಹೋಗಬೇಕು. ಹಳೇ ವ್ಯಾಗನ್‌ಆರ್ ಒಂದಿದೆ, ಸೆಕೆಂಡ್ ಹ್ಯಾಂಡ್. ನಾನು ಓಡಿಸುವಾಗ ಆ ಕಾರಿಗೆ ಬೀಳುವ ಹಾರ್ನೇ ಬೇರೆ, ನಮ್ಮ ಮನೆಯವರು ಓಡಿಸುವಾಗ ಬೀಳುವ ಹಾರ್ನೇ ಬೇರೆ. ಇದನ್ನು ನಾನು ಹೇಳಿದಾಗ ಅವರು ನಂಬಲಿಲ್ಲ. "ಸುಮ್ನೆ ನಿನಗೆ ಹಾಗನ್ಸುತ್ತೆ" ಅಂದರು. ಒಂದು ಭಾನುವಾರ ಮಂಡಿಪೇಟೆಗೆ ದಿನಸಿ ತರಲು ನಾನೇ ಓಡಿಸಿದೆ, ಅವರು ಪಕ್ಕದಲ್ಲಿ ಕೂತರು. ಟೌನ್‌ಹಾಲ್ ಹತ್ತಿರ ಬರುವಷ್ಟರಲ್ಲಿ ಅವರೇ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದರು. ಹೊಡೆದವರು ಸುಮ್ಮನೆ ಮುಂದೆ ಹೋಗುವುದೂ ಇಲ್ಲ. ಪಕ್ಕಕ್ಕೆ ಬಂದು, ಒಳಗೆ ಬಗ್ಗಿ ನೋಡಿ, "ಅದಕ್ಕೇ" ಅನ್ನೋ ಮುಖ ಮಾಡಿಕೊಂಡು ಹೋಗುತ್ತಾರೆ. ಆವತ್ತು ಅವರು ಬಗ್ಗಿ ನೋಡಿದಾಗ ಈಚೆ ಬದಿ ಮೀಸೆ ಗಂಡಸೊಬ್ಬ ಕೂತಿದ್ದು ಕಂಡು ಸ್ವಲ್ಪ ಗಲಿಬಿಲಿ ಆಗಿರಬೇಕು. ಮನೆಯವರು ಬರುವಾಗ ಏನೂ ಮಾತಾಡಲಿಲ್ಲ. ಮನೆಗೆ ಬಂದು ಬೆಲ್ಲದ ಚೀಲ ಇಳಿಸುತ್ತಾ "ನೀನು ಹೇಳಿದ್ದು ಸರಿ" ಅಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಈ ಮಾತು ಅಪರೂಪ, ಬರೆದಿಟ್ಟುಕೊಳ್ಳೋಣ ಅಂತ ಇಲ್ಲಿ ಹಾಕಿದ್ದೇನೆ.

ನನಗೆ ಹಾರ್ನ್ ವಿಷಯದಲ್ಲಿ ಇಷ್ಟು ಆಸಕ್ತಿ ಬರಲು ಕಾರಣ ಅಪ್ಪ. ಅವರು ಸರ್ಕಾರಿ ಬಸ್ ಡ್ರೈವರ್ ಆಗಿದ್ದರು. ಜಾಸ್ತಿ ಓಡಿಸಿದ್ದು ಪಾವಗಡದ ರೂಟು. ಕೊರಟಗೆರೆ, ಮಧುಗಿರಿ, ಮಿಡಿಗೇಶಿ, ಆಮೇಲೆ ಪಾವಗಡ. ರಜೆಯಲ್ಲಿ ನಾನೂ ಬಸ್ ಹತ್ತಿ ಅವರ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಮಧುಗಿರಿ ಬೆಟ್ಟ ಕಣ್ಣಿಗೆ ಬಿದ್ದ ಮೇಲೆ ರಸ್ತೆ ತುಂಬಾ ಕುರಿಗಳು. ಮಂದೆ ಅಂದರೆ ಹತ್ತು ಇಪ್ಪತ್ತಲ್ಲ, ರಸ್ತೆ ಈ ಅಂಚಿನಿಂದ ಆ ಅಂಚಿಗೆ ಕಂಬಳಿ ಹಾಸಿದ ಹಾಗೆ. ಅಲ್ಲಿ ಅಪ್ಪ ಹಾರ್ನ್ ಮುಟ್ಟುತ್ತಿರಲಿಲ್ಲ. ಗೇರ್ ಇಳಿಸಿ, ಬಸ್ಸನ್ನು ಹೆಚ್ಚುಕಮ್ಮಿ ನಿಲ್ಲಿಸಿ, ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲ ತಗಡನ್ನು ಅಂಗೈಯಿಂದ ಪಟಪಟ ತಟ್ಟುತ್ತಿದ್ದರು. ಕಂಡಕ್ಟರ್ ಇಳಿದು ಬಾಯಲ್ಲಿ "ಹುರ್ರ್ ಹುರ್ರ್" ಅಂತ ಸದ್ದು ಮಾಡುತ್ತಾ ಮುಂದೆ ನಡೆಯುತ್ತಿದ್ದರು. ಕುರಿ ಕಾಯುವವನು ಆತುರವಿಲ್ಲದೆ ಬಂದು ಒಂದೆರಡು ಟಗರು ಎಳೆದ ಕೂಡಲೇ ಮಿಕ್ಕವು ಹಿಂದೆ ಹೋಗುತ್ತಿದ್ದವು. ದಾರಿ ಬಿಡುತ್ತಿತ್ತು.

"ಹಾರ್ನ್ ಯಾಕೆ ಹೊಡೆಯಲ್ಲ?" ಅಂತ ಕೇಳಿದ್ದೆ.

"ಕುರಿಗೆ ಹಾರ್ನ್ ಹೊಡೆದ್ರೆ ಅರ್ಧ ಆ ಕಡೆ ಹೋಗ್ತವೆ, ಅರ್ಧ ಈ ಕಡೆ. ಆಮೇಲೆ ಈ ಕಡೆ ಇರೋವು ಆ ಕಡೆ ಇರೋವನ್ನ ನೋಡ್ಕಂಡು ಮತ್ತೆ ಓಡಿ ಬರ್ತವೆ. ನೇರ ಚಕ್ರದ ಕೆಳಗೆ ಬರ್ತವೆ ಕಣಮ್ಮ."

ಎತ್ತಿನ ಗಾಡಿ ಸಿಕ್ಕರೂ ಹಾಗೇ. ಎತ್ತು ಬೆದರಿದರೆ ಗಾಡಿಯವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಸುಗ್ಗಿ ಕಾಲದಲ್ಲಿ ಇನ್ನೊಂದು. ಕಣ ಮಾಡಲು ಜಾಗ ಇಲ್ಲದವರು, ಇದ್ದರೂ ಸೋಮಾರಿಗಳಾದವರು, ರಾಗಿ ತೆನೆ, ಹುರುಳಿ ಎಲ್ಲ ಟಾರು ರಸ್ತೆ ಮೇಲೇ ಹರಡುತ್ತಿದ್ದರು. ಬಸ್ಸು ಲಾರಿ ಹರಿದು ಕಾಳು ಬಿಡಿಸಿಕೊಡಲಿ ಅಂತ. ಈಗಲೂ ನಮ್ಮ ಜಿಲ್ಲೆಯಲ್ಲಿ ಮಾಡುತ್ತಾರೆ. ಡ್ರೈವರ್‌ಗಳಿಗೆ ಅದು ತಲೆನೋವು. ಚಕ್ರ ಜಾರುತ್ತದೆ, ಹುರುಳಿ ಬಳ್ಳಿ ಕೆಳಗೆ ತಿರುಗುವ ಶಾಫ್ಟಿಗೆ ಸುತ್ತಿಕೊಂಡು ಬಿಸಿಗೆ ಬೆಂಕಿಯೂ ಹತ್ತುತ್ತದೆ. ಅಲ್ಲಿ ಮೊರ ಹಿಡಿದು ಬಗ್ಗಿ ನಿಂತ ಹೆಂಗಸರಿಗೂ ಅಪ್ಪ ಹಾರ್ನ್ ಹೊಡೆಯುತ್ತಿರಲಿಲ್ಲ. "ಬಗ್ಗಿರೋರು ಬೆಚ್ಚಿದ್ರೆ ಮೊದ್ಲು ನೆಟ್ಟಗೆ ನಿಲ್ತಾರೆ. ಓಡೋದು ಆಮೇಲೆ" ಅನ್ನುತ್ತಿದ್ದರು. ಕಿಟಕಿಯಿಂದ ತಲೆ ಹಾಕಿ ಬೈಯುತ್ತಿದ್ದರು, ಅದು ಬೇರೆ ವಿಷಯ. ಬೈಗುಳದಲ್ಲಿ ಅವರದು ದೊಡ್ಡ ಕೈ.

ಈ ಮಾತು ನನಗೆ ಬಹಳ ವರ್ಷದ ಮೇಲೆ ಅರ್ಥವಾಯಿತು. ಹಠಾತ್ತಾಗಿ ದೊಡ್ಡ ಸದ್ದು ಕೇಳಿದರೆ ಮನುಷ್ಯನ ಮೈ ತಾನಾಗೇ ಮಾಡುವ ಕೆಲಸ ಒಂದಿದೆ. ಕಣ್ಣು ಮುಚ್ಚುತ್ತದೆ, ಕುತ್ತಿಗೆ ಒಳಕ್ಕೆ ಹೋಗುತ್ತದೆ, ಭುಜ ಏರುತ್ತದೆ. ಯೋಚನೆ ಮಾಡುವ ಮೊದಲೇ ಇದೆಲ್ಲ ಆಗಿರುತ್ತದೆ. ಅಂದರೆ ರಸ್ತೆ ದಾಟುತ್ತಿರುವ ವಯಸ್ಸಾದವರ ಹಿಂದೆ ಹಾರ್ನ್ ಹೊಡೆದಾಗ ಅವರು ನಿಲ್ಲುತ್ತಾರೆ. ಎಲ್ಲಿ? ನೀವು ಹೋಗಬೇಕಾದ ಜಾಗದಲ್ಲೇ. ಹೊಡೆಯದೇ ಇದ್ದಿದ್ದರೆ ಅಷ್ಟು ಹೊತ್ತಿಗೆ ಎರಡು ಹೆಜ್ಜೆ ಆಚೆ ಹೋಗಿರುತ್ತಿದ್ದರು. ಆಮೇಲೆ ನಾವೇ "ನಡು ರಸ್ತೇಲಿ ನಿಂತ್ಕೊತಾರೆ ನೋಡಿ" ಅಂತ ಬೈಯುವುದು.

ಅಪ್ಪನ ಕಾಲದ ಇನ್ನೊಂದು ಸಂಗತಿ. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೆಲವು ಹಳೇ ಬಸ್ಸುಗಳಿಗೆ ಕಿಟಕಿ ಪಕ್ಕ ರಬ್ಬರ್ ಗುಂಡಿನ ಹಾರ್ನ್ ಇತ್ತಂತೆ. ಪೋಂ ಪೋಂ ಅನ್ನೋದು. ಕೈ ಆಚೆ ಚಾಚಿ ಹಿಂಡಬೇಕು. ಹಿಂಡಿದಷ್ಟೇ ಸದ್ದು, ಮತ್ತೆ ಗುಂಡು ಗಾಳಿ ತುಂಬಿಕೊಳ್ಳುವ ತನಕ ಕಾಯಬೇಕು. ನಿಮ್ಮ ಕೋಪಕ್ಕೆ ನಿಮ್ಮ ಮುಂಗೈಯೇ ಶಕ್ತಿ ಕೊಡಬೇಕಿತ್ತು. ಮುಂಗೈ ಸೋಲುತ್ತದೆ. ಬ್ಯಾಟರಿ ಸೋಲುವುದಿಲ್ಲ. ಈಗ ಸ್ಟೇರಿಂಗ್ ಮಧ್ಯೆ ಹೆಬ್ಬೆರಳು ಇಟ್ಟರೆ ಸಾಕು. ಕೆಲವರು ಹೆಬ್ಬೆರಳು ಅಲ್ಲೇ ಬಿಟ್ಟಿರುತ್ತಾರೆ.

ಮತ್ತೆ ಅಪ್ಪನ ಕಿವಿ. ಹಳೇ ಬಸ್ಸುಗಳಲ್ಲಿ ಎಂಜಿನ್ ಡ್ರೈವರ್ ಪಕ್ಕದಲ್ಲೇ, ಎಡಗಡೆ. ಮೇಲೆ ಒಂದು ಮುಚ್ಚಳ, ಅದರ ಮೇಲೆ ನಮ್ಮಂಥ ಮಕ್ಕಳು ಕೂರುತ್ತಿದ್ದೆವು, ಕುಂಡಿ ಸುಡುತ್ತಿತ್ತು. ಅಷ್ಟು ವರ್ಷ ಆ ಸದ್ದಿನ ಪಕ್ಕ ಕೂತಿದ್ದಕ್ಕೋ, ವಯಸ್ಸಿಗೋ, ಅಪ್ಪನಿಗೆ ಈಗ ಎಡಗಿವಿ ಅಷ್ಟಾಗಿ ಕೇಳುವುದಿಲ್ಲ. ಬಲಗಿವಿ ಚೆನ್ನಾಗಿದೆ. ಅಡುಗೆ ಮನೆಯಲ್ಲಿ ಅವರ ಬಗ್ಗೆ ಏನು ಮಾತಾಡಿದರೂ ಗೊತ್ತಾಗುತ್ತದೆ.

ಒಂದು ಕಿವಿ ಇದೆಯಲ್ಲ, ಸಾಲದಾ ಅನ್ನಬಹುದು. ಸಾಲದು. ಸದ್ದು ಯಾವ ಕಡೆಯಿಂದ ಬಂತು ಅಂತ ಗೊತ್ತಾಗಲು ಎರಡೂ ಕಿವಿ ಬೇಕು. ಬಲಗಡೆಯಿಂದ ಬಂದ ಸದ್ದು ಬಲಗಿವಿಗೆ ಮೊದಲು ಮುಟ್ಟುತ್ತದೆ, ಎಡಗಿವಿಗೆ ಒಂದು ಚೂರು ತಡ. ಆ ತಡ ಎಷ್ಟು ಅಂದರೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಮ್ಮಿ. ಜೊತೆಗೆ ತಲೆ ಅಡ್ಡ ಇರುವುದರಿಂದ ಆ ಬದಿಗೆ ಸದ್ದು ಸ್ವಲ್ಪ ಕುಗ್ಗಿ ಹೋಗುತ್ತದೆ. ಇವೆರಡನ್ನು ಹಿಡಿದು ಮಿದುಳು ಲೆಕ್ಕ ಹಾಕಿ ದಿಕ್ಕು ಹೇಳುತ್ತದೆ. ಕ್ಲಾಸಿನಲ್ಲಿ ಇದನ್ನು ಹೇಳಿದರೆ ಹುಡುಗರು ಕಣ್ಣು ಮುಚ್ಚಿ, ಒಂದು ಕಿವಿ ಮುಚ್ಚಿ, ಚಿಟಿಕೆ ಹೊಡೆಸಿ ಆಟ ಆಡುತ್ತಾರೆ. ಒಂದು ಕಿವಿ ಮುಚ್ಚಿದವನಿಗೆ ಎಲ್ಲ ಸದ್ದೂ ತೆರೆದ ಕಿವಿ ಕಡೆಯಿಂದಲೇ ಬಂದ ಹಾಗೆ ಅನ್ನಿಸುತ್ತದೆ.

ಈಗ ಅಪ್ಪ ಬೆಳಿಗ್ಗೆ ವಾಕಿಂಗ್ ಹೋಗುವುದನ್ನು ಊಹಿಸಿ. ಫುಟ್‌ಪಾತ್ ಇದೆ, ಅದರ ಮೇಲೆ ಬೈಕುಗಳು ನಿಂತಿವೆ. ರಸ್ತೆಗೆ ಇಳಿಯಲೇಬೇಕು. ಎದುರು ಬರುವ ಗಾಡಿ ಕಣ್ಣಿಗೆ ಕಾಣಲಿ ಅಂತ ರಸ್ತೆಯ ಬಲಬದಿ ಹಿಡಿದು ನಡೆಯುತ್ತಾರೆ, ಡ್ರೈವರ್ ಬುದ್ಧಿ. ಹಿಂದಿನಿಂದ ಒಂದು ಕಾರು ಬಂದು ಹಾರ್ನ್ ಹೊಡೆಯುತ್ತದೆ. ಕಾರು ಇರುವುದು ಹಿಂದೆ, ಎಡಕ್ಕೆ. ಅಪ್ಪನಿಗೆ ಕೇಳುವುದು ಬಲಗಡೆಯಿಂದ. ಸದ್ದಿನಿಂದ ತಪ್ಪಿಸಿಕೊಳ್ಳಲು ಎಡಕ್ಕೆ ಸರಿಯುತ್ತಾರೆ. ಅಂದರೆ ಕಾರಿನ ಮುಂದಕ್ಕೆ.

ಇದು ಊಹೆ ಅಲ್ಲ, ನಡೆದದ್ದು. ಕಾರಿನವನು ಗಕ್ಕನೆ ಬ್ರೇಕ್ ಹಾಕಿದ, ಏನೂ ಆಗಲಿಲ್ಲ. ಗಾಜು ಇಳಿಸಿ "ಕಿವಿ ಕೇಳಲ್ವೇನಜ್ಜ?" ಅಂತ ಕೂಗಿದ.

"ಒಂದು ಕೇಳುತ್ತೆ" ಅಂದರಂತೆ ಅಪ್ಪ.

ಮನೆಗೆ ಬಂದು ಇದನ್ನು ತಮಾಷೆ ಅಂತ ಹೇಳಿದರು. ಅಮ್ಮ ನಗಲಿಲ್ಲ. ನಾನೂ ನಗಲಿಲ್ಲ. ಆ ಕಾರಿನವನು ಅಷ್ಟು ಚೆನ್ನಾಗಿ ಬ್ರೇಕ್ ಹಾಕಬಲ್ಲವನು, ಹಾರ್ನ್ ಬದಲು ಮೊದಲೇ ಬ್ರೇಕ್ ಮುಟ್ಟಿದ್ದರೆ ಏನು ಹೋಗುತ್ತಿತ್ತು? ಹಾರ್ನ್ ಹೊಡೆಯುವವರಲ್ಲಿ ಹೆಚ್ಚಿನವರು ಅದನ್ನು ಬ್ರೇಕಿನ ಬದಲಿಗೆ ಬಳಸುತ್ತಾರೆ. ನಾನು ನಿಧಾನ ಮಾಡುವುದಿಲ್ಲ, ನೀನು ಸರಿ. ಅಷ್ಟೇ ಅದರ ಅರ್ಥ.

ಇನ್ನು ಸದ್ದಿನ ಲೆಕ್ಕ. ಮೇಡಂ ಪಾಠ ಶುರು ಮಾಡಿದರು ಅನ್ನಬೇಡಿ, ಚಿಕ್ಕದಾಗಿ ಮುಗಿಸುತ್ತೇನೆ. ಕಾರಿನ ಮುಂದೆ 7 ಮೀಟರ್ ದೂರದಲ್ಲಿ ಅಳೆದರೆ ಹಾರ್ನ್ ಸದ್ದು 93ರಿಂದ 112 ಡೆಸಿಬಲ್ ಒಳಗಿರಬೇಕು ಅನ್ನುವುದು ನಿಯಮ. ಸದ್ದಿನ ಮೂಲಕ್ಕೆ ದೂರ ಅರ್ಧ ಆದ ಹಾಗೆಲ್ಲ ಸುಮಾರು 6 ಡೆಸಿಬಲ್ ಏರುತ್ತದೆ. ಜನ ನಡೆಯುವವರ ಬೆನ್ನಿಗೆ ಅಂಟಿಕೊಂಡೇ ಹೊಡೆಯುತ್ತಾರಲ್ಲ, ಅಲ್ಲಿ ದೂರ ಎರಡು ಮೀಟರ್ ಕೂಡ ಇರುವುದಿಲ್ಲ. ಅತಿ ಮೆತ್ತಗಿನ ಹಾರ್ನ್ ಅಂದರೂ ಕಿವಿಗೆ ಬೀಳುವುದು 105ರ ಹತ್ತಿರ. ಆಸ್ಪತ್ರೆ, ಶಾಲೆ ಕಾಲೇಜು, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ ಹಗಲು ಹೊತ್ತಿನ ಮಿತಿ 50 ಡೆಸಿಬಲ್. 50 ಮತ್ತು 93ರ ನಡುವೆ ಬರೀ 43 ಅಂತ ಕಾಣುತ್ತದೆ. ಡೆಸಿಬಲ್ ಲೆಕ್ಕ ಹಾಗಲ್ಲ. ಪ್ರತಿ 10ಕ್ಕೆ ಸದ್ದಿನ ಶಕ್ತಿ ಹತ್ತು ಪಟ್ಟು. 43 ಅಂದರೆ ಸುಮಾರು ಇಪ್ಪತ್ತು ಸಾವಿರ ಪಟ್ಟು.

ಮತ್ತೆ ಹೊಡೆಯುವವನಿಗೆ ಎಷ್ಟು ಕೇಳುತ್ತದೆ? ಹಾರ್ನ್ ಇರುವುದು ಬಾನೆಟ್ ಮುಂದೆ, ಬಾಯಿ ಮುಂದಕ್ಕೆ. ಇವನು ಅದರ ಹಿಂದೆ, ಗಾಜು ಏರಿಸಿ, ಏಸಿ ಹಾಕಿ, ಹಾಡು ಹಚ್ಚಿಕೊಂಡು ಕೂತಿರುತ್ತಾನೆ. ಊರಿನಲ್ಲಿ ಆ ಹಾರ್ನ್ ಅತಿ ಕಮ್ಮಿ ಕೇಳುವುದು ಅದನ್ನು ಒತ್ತಿದವನಿಗೇ.

ಇದು ನನಗೆ ಪಕ್ಕಾ ಆಗಿದ್ದು ಕ್ಲಾಸಿನಲ್ಲಿ. ಗುಜರಿ ಅಂಗಡಿಯಿಂದ ಹಳೇ ಕಾರ್ ಹಾರ್ನ್ ಒಂದನ್ನು ತಂದು ಮೇಜಿನ ಮೇಲೆ ಬಿಚ್ಚಿಟ್ಟಿದ್ದೆ. ಒಳಗೆ ಏನೂ ಮಹಾ ಇಲ್ಲ. ಒಂದು ತಂತಿ ಸುರುಳಿ, ಒಂದು ತೆಳು ಉಕ್ಕಿನ ತಗಡು, ಒಂದು ಕಾಂಟ್ಯಾಕ್ಟು. ಕರೆಂಟ್ ಹರಿದಾಗ ಸುರುಳಿ ಅಯಸ್ಕಾಂತ ಆಗಿ ತಗಡನ್ನು ಎಳೆಯುತ್ತದೆ. ಎಳೆದ ಕೂಡಲೇ ಕಾಂಟ್ಯಾಕ್ಟ್ ಬಿಟ್ಟು ಕರೆಂಟ್ ನಿಲ್ಲುತ್ತದೆ, ತಗಡು ವಾಪಸ್ ಬರುತ್ತದೆ, ಮತ್ತೆ ಕರೆಂಟ್. ಸೆಕೆಂಡಿಗೆ ನೂರಾರು ಸಲ. ಕರೆಂಟ್ ಬೆಲ್‌ನದೂ ಇದೇ ಕಥೆ, ಅದರಲ್ಲಿ ಸುತ್ತಿಗೆ ಇದೆ, ಇದರಲ್ಲಿ ತಗಡೇ ಕೂಗುತ್ತದೆ. ಜೋಡಿಸಿ 12 ವೋಲ್ಟ್ ಬ್ಯಾಟರಿಗೆ ತಗುಲಿಸಿದೆ, ಒಂದು ಕ್ಷಣ. ಮುಂದಿನ ಬೆಂಚಿನ ಹುಡುಗಿಯರು ಕಿರುಚಿದರು. ಪಕ್ಕದ ಕ್ಲಾಸಿನಿಂದ ಕನ್ನಡ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತು "ಏನ್ ಮೇಡಂ, ಲಾರಿ ಒಳಗೇ ಬಂತಾ?" ಅಂದರು. ಬುಲೆಟ್ ಓಡಿಸುವ ಹುಡುಗನೊಬ್ಬ, ಇನ್ನೂ ಲೈಸೆನ್ಸ್ ಆಗಿಲ್ಲ ಅಂತ ನನ್ನ ಅನುಮಾನ, ಕಿವಿ ಉಜ್ಜಿಕೊಳ್ಳುತ್ತಾ ಕೇಳಿದ: "ಮುಂದೆ ನಿಂತ್ರೆ ಇಷ್ಟು ಜೋರಾಗಿರುತ್ತಾ?" ಅವನು ತನ್ನ ಗಾಡಿ ಮುಂದೆ ಯಾವತ್ತೂ ನಿಂತಿರಲಿಲ್ಲ. ಯಾರು ನಿಂತಿರುತ್ತಾರೆ?

2025ರ ಜನವರಿಯಲ್ಲಿ ಶಿವಮೊಗ್ಗದ ಟ್ರಾಫಿಕ್ ಪೊಲೀಸರು ಇದನ್ನೇ ಮಾಡಿಸಿದ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು, ನೆನಪಿರಬಹುದು. ಕರ್ಕಶ ಹಾರ್ನ್ ಹಾಕಿದ್ದ ಬಸ್ಸಿನ ಡ್ರೈವರನ್ನು ಇಳಿಸಿ, ಅದೇ ಬಸ್ಸಿನ ಮುಂದೆ ಹಾರ್ನ್‌ಗೆ ಕಿವಿ ಕೊಡಿಸಿ, ಒಳಗಿನಿಂದ ಹೊಡೆಸಿದ್ದರು. ಅಪ್ಪನಿಗೆ ತೋರಿಸಿದೆ. ನಗುತ್ತಾರೆ ಅಂದುಕೊಂಡಿದ್ದೆ. "ಪಾಪ, ಅವನ ಕಿವೀನೂ ಕಿವಿ ಅಲ್ವೇನಮ್ಮ" ಅಂದರು.

ಹಾರ್ನೇ ಬೇಡ ಅನ್ನುವವಳಲ್ಲ ನಾನು. ಸ್ಟಾಫ್ ರೂಮಿನಲ್ಲಿ ಈ ವಿಷಯ ಎತ್ತಿದರೆ ಕೆಮಿಸ್ಟ್ರಿಯವರು ತಕ್ಷಣ ಹೇಳುತ್ತಾರೆ: "ಹಾರ್ನ್ ಹೊಡೀದೆ ಅಶೋಕ ರಸ್ತೇಲಿ ಒಂದು ಸಲ ಓಡ್ಸಿ ತೋರ್ಸಿ ಮೇಡಂ." ಅವರ ಮಾತಿನಲ್ಲಿ ಸತ್ಯ ಇದೆ. ಬೈಕಿನ ಹುಡುಗರು ಕನ್ನಡಿಯನ್ನೇ ಬಿಚ್ಚಿಟ್ಟಿರುತ್ತಾರೆ, ಸ್ಟೈಲ್ ಅಂತೆ. ಆಟೋದವರ ಕನ್ನಡಿ ಒಳಗೆ ಹಿಂದಿನ ಸೀಟಿನ ಕಡೆ ತಿರುಗಿರುತ್ತದೆ. ಸ್ಕೂಟಿ ಹೆಂಗಸರ ಕನ್ನಡಿ ಮಡಚಿರುತ್ತದೆ, ಪಾರ್ಕಿಂಗಿನಲ್ಲಿ ತಾಗುತ್ತದಲ್ಲ ಅಂತ. ಹಿಂದೆ ಯಾರಿದ್ದಾರೆ ಅಂತ ನೋಡುವ ಕೆಲಸ ಮುಂದಿನವನು ಬಿಟ್ಟ. ಹಾಗಾಗಿ ಹಿಂದಿನವನೇ ಕೂಗಿ ಹೇಳಬೇಕಾಯಿತು. ಲಾರಿ ಹಿಂದೆ "ಸೌಂಡ್ ಹಾರ್ನ್" ಅಂತ ಬರೆಸುವುದೂ ಇದಕ್ಕೇ. ಮಹಾರಾಷ್ಟ್ರದವರು 2015ರಲ್ಲಿ ಲಾರಿಗಳ ಹಿಂದಿನ "ಹಾರ್ನ್ ಓಕೆ ಪ್ಲೀಸ್" ಬರಹವನ್ನೇ ನಿಷೇಧ ಮಾಡಿದರು. ಅಕ್ಷರ ಅಳಿಸಿದರೆ ಸಾಕಾ? ಕನ್ನಡಿ ನೋಡುವ ಅಭ್ಯಾಸ ಬರಬೇಕು, ಅದು ಬಣ್ಣ ಬಳಿದು ಬರುವಂಥದ್ದಲ್ಲ.

ಆದರೆ ಕೆಮಿಸ್ಟ್ರಿಯವರ ವಾದ ಗಾಡಿಗಳಿಗೆ ಸರಿ. ನಡೆಯುವವರಿಗೆ ಕನ್ನಡಿ ಎಲ್ಲಿದೆ? ಸಿದ್ಧಗಂಗೆ ಜಾತ್ರೆ ಸಮಯದಲ್ಲಿ ಕ್ಯಾತ್ಸಂದ್ರದ ಹತ್ತಿರ ಹೋಗಿ ನೋಡಿ. ಜನ ಮಕ್ಕಳನ್ನು ಎತ್ತಿಕೊಂಡು ಸಾಲಾಗಿ ನಡೆಯುತ್ತಿರುತ್ತಾರೆ, ದನಗಳ ಜಾತ್ರೆಗೆ ಬಂದ ಎತ್ತುಗಳೂ ಅದೇ ದಾರಿಯಲ್ಲಿ. ಅವರ ಮಧ್ಯೆ ಕಾರು ತೂರಿಸಿಕೊಂಡು ಹಾರ್ನ್ ಹೊಡೆಯುತ್ತಲೇ ಹೋಗುವವರು ಇರುತ್ತಾರೆ. ದೇವರ ದರ್ಶನಕ್ಕೇ ಹೋಗುತ್ತಿರುವವರು. ಆ ಜನಸಂದಣಿಯಲ್ಲಿ ಯಾರಿಗೆ ಹೊಡೆದದ್ದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲರೂ ಒಂದೊಂದು ಸಲ ಬೆಚ್ಚುತ್ತಾರೆ, ಕಾರು ನಡೆಯುವವರ ವೇಗದಲ್ಲೇ ಹೋಗುತ್ತದೆ.

ಹಾರ್ನ್ ಬೇಕೇ ಬೇಕಾದ ಜಾಗ ಅಂದರೆ ದೇವರಾಯನದುರ್ಗ. ಗುಡ್ಡ ಹತ್ತುವ ರಸ್ತೆಯ ತಿರುವುಗಳಲ್ಲಿ ಎದುರಿನದು ಕಾಣುವುದೇ ಇಲ್ಲ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ನಾನು ಕಾರ್ ಕಲಿತ ಹೊಸತರಲ್ಲಿ ಅಪ್ಪ ಅಲ್ಲಿಗೆ ಕರೆದುಕೊಂಡು ಹೋಗಿ ಹೇಳಿಕೊಟ್ಟರು. ತಿರುವಿಗೆ ಮೊದಲೇ, ನೇರ ರಸ್ತೆಯಲ್ಲೇ ಇರುವಾಗ, ಒಂದು ಸಲ ಹೊಡಿ. ತಿರುವಿನೊಳಗೆ ಹೋದ ಮೇಲೆ ಹೊಡೆದರೆ ತಡ ಆಯಿತು. ಹೊಡೆದ ಮೇಲೆ ಸುಮ್ಮನಿರು. ಗಾಜು ಇಳಿಸಿರಬೇಕು, ಟೇಪ್ ನಿಲ್ಲಿಸಿರಬೇಕು. ಆ ಕಡೆಯಿಂದ ಯಾರಾದರೂ ಹೊಡೆದರೆ ನಿನಗೆ ಕೇಳಬೇಕಲ್ಲ? ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ಕೋತಿಗಳಿಗೆ ಹೊಡೆಯಬೇಡ, ಅವಕ್ಕೆ ನಿನಗಿಂತ ಚೆನ್ನಾಗಿ ಗೊತ್ತು.

ಗಾಜು ಇಳಿಸು ಅಂತ ಹೇಳಿದ್ದು ನನಗೆ ಬಹಳ ಇಷ್ಟವಾದ ಮಾತು. ಹಾರ್ನ್ ಹೊಡೆಯುವುದು ಅರ್ಧ ಕೆಲಸ, ಕೇಳಿಸಿಕೊಳ್ಳುವುದು ಇನ್ನರ್ಧ. ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ನನಗೆ ಇದನ್ನು ಹೇಳಿರಲಿಲ್ಲ. ಅಲ್ಲಿ ಹೇಳಿಕೊಟ್ಟಿದ್ದು ಒಂದೇ, "ಹಾರ್ನ್ ಹೊಡೀರಿ ಮೇಡಂ, ಹಾರ್ನ್ ಹೊಡೀರಿ." ವಾರದ ಕೊನೆಗೆ ಬೆಂಗಳೂರು ಕಡೆಯಿಂದ ಬೆಟ್ಟ ನೋಡಲು ಬರುವ ಬೈಕುಗಳು ಆ ತಿರುವುಗಳಲ್ಲಿ ಹಾರ್ನೇ ಇಲ್ಲದೆ ಸರ್ರನೆ ಬಂದುಬಿಡುತ್ತವೆ. ಕೆಳಗೆ ಊರಿಗೆ ಬಂದು ಸಿಗ್ನಲ್ಲಿನಲ್ಲಿ ನಿಂತ ಮೇಲೆ ಅವರಿಗೆ ಹಾರ್ನ್ ನೆನಪಾಗುತ್ತದೆ.

ಸಿಗ್ನಲ್ ಬಗ್ಗೆ ಜಾಸ್ತಿ ಹೇಳುವುದು ಬೇಡ, ಎಲ್ಲರೂ ಅನುಭವಿಸಿದ್ದೇ. ಹಸಿರು ಬಿದ್ದ ಕ್ಷಣ ಹಿಂದಿನಿಂದ ಶುರು. ಮೊದಲ ಗಾಡಿ ಹೊರಟು, ಅದನ್ನು ನೋಡಿ ಎರಡನೆಯದು ಹೊರಟು, ಹೀಗೆ ಒಬ್ಬೊಬ್ಬರಿಗೂ ಒಂದು ಒಂದೂವರೆ ಸೆಕೆಂಡ್ ಹಿಡಿಯುತ್ತದೆ. ಹತ್ತನೆಯವನ ಸರದಿ ಬರಲು ಹತ್ತು ಹದಿನೈದು ಸೆಕೆಂಡ್ ಬೇಕೇ ಬೇಕು. ಅವನು ಹಾರ್ನ್ ಹೊಡೆದರೆ ಒಂಬತ್ತು ಗಾಡಿ ಕರಗಿ ಹೋಗುವುದಿಲ್ಲ. ಮುಂಬೈ ಪೊಲೀಸರು 2020ರಲ್ಲಿ ಇದಕ್ಕೊಂದು ಉಪಾಯ ಮಾಡಿದ್ದರು. ಸಿಗ್ನಲ್ ಕಂಬಕ್ಕೆ ಡೆಸಿಬಲ್ ಮೀಟರ್ ಕಟ್ಟಿ, ಸದ್ದು 85 ದಾಟಿದರೆ ಕೆಂಪು ದೀಪದ ಲೆಕ್ಕ ಮತ್ತೆ ಮೊದಲಿನಿಂದ. ಹೊಡೆದಷ್ಟೂ ಕಾಯಿರಿ. ಐಡಿಯಾ ಚೆನ್ನಾಗಿದೆ. ಆದರೆ ಸುಮ್ಮನೆ ನಿಂತ ಆಂಬುಲೆನ್ಸಿನವನೂ ಕಾಯಬೇಕು, ತುಂಬು ಬಸುರಿಯನ್ನು ಕೂರಿಸಿಕೊಂಡ ಆಟೋದವನೂ ಕಾಯಬೇಕು. ನನಗೆ ಅದು ಒಬ್ಬ ಗಲಾಟೆ ಮಾಡಿದ್ದಕ್ಕೆ ಇಡೀ ಕ್ಲಾಸಿಗೆ ಬಾಸ್ಕಿ ಹೊಡೆಸಿದ್ದು ಅನ್ನಿಸುತ್ತದೆ. ನಾನು ಮಾಡುವುದಿಲ್ಲ ಅಂತಲ್ಲ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 194ಎಫ್ ಕಲಂ, 2019ರ ಸೆಪ್ಟೆಂಬರಿನಿಂದ ಜಾರಿ. ಅಗತ್ಯವಿಲ್ಲದೆ, ಅಥವಾ ಬಿಡದೆ ಹಾರ್ನ್ ಹೊಡೆದರೆ, ಹಾರ್ನ್ ನಿಷೇಧದ ಬೋರ್ಡ್ ಇರುವ ಕಡೆ ಹೊಡೆದರೆ, ಆಗ ಕಾಯ್ದೆ ಹೇಳಿದ ದಂಡ ಮೊದಲ ಸಲ 1,000 ರೂಪಾಯಿ, ಮತ್ತೆ ಮಾಡಿದರೆ 2,000. ಹೆಲ್ಮೆಟ್ ಇಲ್ಲದ್ದಕ್ಕೆ ದಂಡ ಕಟ್ಟಿದವರು ನನ್ನ ಸ್ಟೂಡೆಂಟ್ಸ್‌ನಲ್ಲೇ ಬೇಕಾದಷ್ಟು ಜನ ಇದ್ದಾರೆ. ಹಾರ್ನ್‌ಗೆ ಕಟ್ಟಿದೆ ಅಂತ ಹೇಳಿದ ಒಬ್ಬ ಮನುಷ್ಯನೂ ನನಗೆ ಇದುವರೆಗೆ ಸಿಕ್ಕಿಲ್ಲ. ಹೆಲ್ಮೆಟ್ ಇಲ್ಲದ್ದು ಫೋಟೋದಲ್ಲಿ ಕಾಣುತ್ತದೆ. ಸದ್ದು ಫೋಟೋಗೆ ಬೀಳುವುದಿಲ್ಲ.

ನಮ್ಮ ಬೀದಿಯ ಕಥೆ ಒಂದು ಹೇಳಿಬಿಡುತ್ತೇನೆ. ಎದುರು ಮನೆ ಹುಡುಗ ಬೆಂಗಳೂರಿಗೆ ಕಾರಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತಾನೆ. ಬರುವುದು ರಾತ್ರಿ ಹತ್ತೂವರೆ, ಹನ್ನೊಂದು. ಬಂದವನು ಗೇಟಿನ ಮುಂದೆ ನಿಂತು ಹಾರ್ನ್ ಹೊಡೆಯುತ್ತಾನೆ. ಉದ್ದಕ್ಕೆ ಒಂದು, ತೆಗೆಯುವುದು ತಡವಾದರೆ ಇನ್ನೊಂದು. ಅವರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿ ಬಂದು ಗೇಟ್ ತೆಗೆಯುತ್ತಾರೆ. ಅವರಿಗೆ ಮಂಡಿ ನೋವು, ಓಡುವುದು ಅಂದರೆ ಒಂದು ಕಾಲು ಎಳೆದುಕೊಂಡು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಮನೆಗಳಿರುವ ಕಡೆ ಹಾರ್ನ್ ಹೊಡೆಯಬಾರದು ಅಂತ ಶಬ್ದ ಮಾಲಿನ್ಯ ನಿಯಮದಲ್ಲಿದೆ. ನಾನು ಅದನ್ನೆಲ್ಲ ಹೇಳಲು ಹೋಗಲಿಲ್ಲ. ನಿಯಮ ಹೇಳಿದರೆ "ಟೀಚರ್ ಆಂಟಿ" ಅಂತ ಹೆಸರು ಬೀಳುತ್ತದೆ, ಈಗಾಗಲೇ ಬಿದ್ದಿದೆ.

ಒಂದು ಭಾನುವಾರ ಅವನು ಕಾರು ತೊಳೆಯುತ್ತಿದ್ದಾಗ ಹೋಗಿ ಕೇಳಿದೆ. "ಅಲ್ಲಪ್ಪ, ಗೇಟ್ ಪಕ್ಕ ಬೆಲ್ ಇದೆಯಲ್ಲ, ಅದನ್ನ ಯಾಕೆ ಒತ್ತಲ್ಲ?"

"ಬೆಲ್ ಒತ್ಬೇಕು ಅಂದ್ರೆ ಕಾರಿಂದ ಇಳೀಬೇಕಲ್ಲ ಆಂಟಿ."

ಸುಳ್ಳು ಹೇಳಲಿಲ್ಲ, ಅದು ನನಗೆ ಮೆಚ್ಚುಗೆಯಾಯಿತು. "ನೀನು ಇಳಿಯೋಕೆ ಬೇಜಾರು ಅಂತ ನಿಮ್ಮಮ್ಮ ಮೆಟ್ಟಿಲು ಇಳೀಬೇಕಾ?" ಅಂದೆ. ಅವನು ಪೈಪು ಹಿಡಿದುಕೊಂಡು ಒಂದು ಕ್ಷಣ ನಿಂತ. ನೀರು ಚಕ್ರದ ಮೇಲೆ ಬೀಳುವುದು ಬಿಟ್ಟು ನನ್ನ ಚಪ್ಪಲಿ ಮೇಲೆ ಬೀಳುತ್ತಿತ್ತು. "ನಮ್ಮಮ್ಮನೇ ಹೇಳಿರೋದು ಆಂಟಿ, ಹಾರ್ನ್ ಹೊಡಿ ಬರ್ತೀನಿ ಅಂತ" ಅಂದ. ಇರಬಹುದು. ನಮ್ಮ ತಾಯಂದಿರು ಹಾಗೆ ಹೇಳುವವರೇ.

ಈಗ ಹಾರ್ನ್ ನಿಂತಿದೆ. ಮನೆ ಹತ್ತಿರ ಬಂದಾಗ ಅಮ್ಮನಿಗೆ ಮಿಸ್ಡ್ ಕಾಲ್ ಕೊಡುತ್ತಾನೆ. ಅವರ ಫೋನಿನ ರಿಂಗ್‌ಟೋನ್ ಒಂದು ಭಕ್ತಿಗೀತೆ, ಫುಲ್ ವಾಲ್ಯೂಮ್. ನಮ್ಮ ಬೆಡ್‌ರೂಮಿನ ತನಕ ಕೇಳುತ್ತದೆ. ಅಪ್ಪನಿಗೆ ಮಾತ್ರ ಅದು ದೇವಸ್ಥಾನದ ಕಡೆಯಿಂದ ಬಂದ ಹಾಗೆ ಅನ್ನಿಸುತ್ತದಂತೆ, "ಇಷ್ಟೊತ್ತಲ್ಲಿ ಯಾವ ಪೂಜೆ ಇಟ್ಕಂಡಿದಾರೆ ಇವ್ರು" ಅಂತ ಗೊಣಗುತ್ತಾರೆ. ಎದುರು ಮನೆ ಅಂತ ಹೇಳಿದ್ದೇನೆ, ನಂಬಿಲ್ಲ.